ಸೇತುವೆ ಹತ್ತಿರದ ಕರಡಿ

"ಇದ್ರಲ್ಲಿ ಒಂದಕ್ಷರಾನೂ ಸುಳ್ಳಿಲ್ಲ, ನಿಮ್ಮಮ್ಮನಾಣೆ," ಎಂದು ಅಪ್ಪ ಕಾರು ನಿಲ್ಲಿಸಿ ಹಿಂದೆ ತಿರುಗಿದ.

"ನನ್ನಾಣೆ ಯಾಕ್ರೀ?" ಎಂದಳು ಪಕ್ಕದಲ್ಲಿದ್ದ ಹೆಂಡತಿ.

ಎಡಗಡೆ ಕಿಟಕಿಗಾಗಿ ಅಕ್ಕ ತಮ್ಮನ ಜಗಳ ತುಮಕೂರಿನಿಂದಲೇ ನಡೆದಿತ್ತು. ಅಪ್ಪನ ಬೈಗುಳವೆಲ್ಲ ಖರ್ಚಾಗಿ, ಕತೆಯೊಂದೇ ಉಳಿದಿತ್ತು.

"ಹಿಂಗೇ ಕಿತ್ತಾಡಿದ್ದಕ್ಕೆ ನಿಮ್ಮ ತಾತ ನನ್ನ ಇಲ್ಲೇ ಇಳಿಸಿ ಹೋಗ್ಬಿಟ್ರು. ನಂಗಾಗ ಆರು ವರ್ಷ. ಅಳ್ತಾ ಕೂತ್ನಾ? ಇಲ್ಲ. ಕರಡಿ ಮೇಲೆ ಕೂತ್ಕೊಂಡು ತಾತನಿಗಿಂತ ಮುಂಚೆ ಹೊಸಪೇಟೆ ಸೇರ್ದೆ."

"ಆಮೇಲೆ?" ಆರು ವರ್ಷದ ಮಗಳು ಕೇಳಿದಳು.

"ತಾತ ತಪ್ಪಾಯ್ತು ಅಂದ್ರು. ಅವತ್ತಿಂದ ಎಡಗಡೆ ಕಿಟಕಿ ನಂದೇ."

"ಕರಡಿ ಎಲ್ಲಿ ಸಿಕ್ತು?"

"ಅಗೋ, ಆ ಸೇತುವೆ ಹತ್ರ. ಇನ್ನೊಂದ್ಸಲ ಕಿತ್ತಾಡಿದ್ರೆ ನಿಮ್ಮನ್ನೂ ಇಲ್ಲೇ..."

ಮಗಳು ಆಗಲೇ ತಮ್ಮನ ಕೆನ್ನೆಗೊಂದು ಬಿಟ್ಟು, ನೀರಿನ ಬಾಟಲಿ ಹೆಗಲಿಗೇರಿಸಿ, ಸೇತುವೆಯ ಕಡೆ ಹೊರಟಿದ್ದಳು.