ತಾತನ ಸಿಹಿ ತುಂಡು

ನೆಲದಲ್ಲಿ ಮೆಗ್ನೀಷಿಯಂ ತೀರಿಹೋದ ಮೇಲೆ ಯಾರಿಗೂ ತಾನಾಗಿ ನಿದ್ದೆ ಬರುವುದಿಲ್ಲ. ನಿದ್ದೆ ಬರಿಸಲೆಂದು ಪಡಿತರದಲ್ಲಿ ಕೊಡುವ ಮೆಗ್ನೀಷಿಯಂನ ಕಹಿ ಉಪ್ಪನ್ನು ನೇರಳೆ ರಸ, ಸಕ್ಕರೆ, ಚೈನಾಗ್ರಾಸ್‌ಗಳೊಡನೆ ಕಾಯಿಸಿ, ಒಬ್ಬೊಬ್ಬರ ಅಚ್ಚಿಗೆ ಸುರಿದು ಗಮ್ಮಿ ಮಿಠಾಯಿ ಮಾಡುವುದು ಮನೆಯಲ್ಲಿ ನನ್ನ ಕೆಲಸ. ಲೆಕ್ಕ ಕಲಿಸಿದವನ ಕೈಯಲ್ಲಿ ಪಾಲು ತಪ್ಪದು ಎಂಬುದು ಎಲ್ಲರ ನಂಬಿಕೆ.

ಸೊಸೆ ಮಂದಾಕಿನಿ ಗರ್ಭಿಣಿ. ಹುಟ್ಟದ ಕೂಸಿಗೆ ಪಡಿತರವಿಲ್ಲ. ಆದ್ದರಿಂದ ಉಪ್ಪು ಬೆರೆಸುವ ಮೊದಲೇ ನನ್ನ ಅಚ್ಚು ತುಂಬಿಸಿಟ್ಟು, ನನ್ನ ಪಾಲಿನ ಉಪ್ಪನ್ನು ಅವಳ ಅಚ್ಚಿಗೆ ಸೇರಿಸುತ್ತಿದ್ದೆ.

ನಿನ್ನೆ ಊಟವಾದ ಮೇಲೆ ಮೊಮ್ಮಗಳು ಇಂಚರ ನನ್ನ ತುಂಡನ್ನು ಕಸಿದು ಬಾಯಿಗೆ ಹಾಕಿಕೊಂಡಳು.

"ಅಮ್ಮಾ, ತಾತಂದು ಕಹೀನೇ ಇಲ್ಲ! ಬರೀ ಸಕ್ಕರೆ! ಮೋಸ!"

ಮಂದಾಕಿನಿ ನನ್ನ ಕೆಂಪು ಕಣ್ಣುಗಳನ್ನು ದಿಟ್ಟಿಸಿದಳು.

"ನಿದ್ದೆ ಮಾಡಿ ಎಷ್ಟು ದಿನ ಆಯ್ತು ಮಾವ?"

"ಮುದುಕನಿಗೆ ನಿದ್ದೆ ಯಾಕಮ್ಮ?"

"ಹೆಸರಿಗೆ ಲೆಕ್ಕದ ಮೇಷ್ಟ್ರು, ಭಾಗಾಕಾರಾನೇ ಬರಲ್ಲ ನಿಮಗೆ. ಕೊಡಿ ಇಲ್ಲಿ ಚಾಕು."

ಅವಳು ಕಹಿ ತುಂಡುಗಳನ್ನೆಲ್ಲ ಕತ್ತರಿಸಿ ನನ್ನ ತಟ್ಟೆಗೂ ಒಂದು ಪಾಲು ಹಾಕಿದಳು. ನಾನು ತಿನ್ನುವವರೆಗೂ ಎದುರಿಗೇ ನಿಂತಿದ್ದಳು.

ಎಲ್ಲರ ಪಾಲೂ ಕಿರಿದಾಗಿದ್ದರಿಂದ ಬೆಳಕು ಹರಿಯುವ ಮೊದಲೇ ಎಲ್ಲರಿಗೂ ಎಚ್ಚರವಾಯಿತು. ಎಚ್ಚರವಾಗುವುದೆಂದರೆ ಹೇಗಿರುತ್ತದೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ.