ಗೂಡಿನ ವಿಳಾಸ

ಹೊಸ ಪತ್ರಿಕೆ ಬಿಡಿಸಿದಾಗ ಬರುವ ಮಸಿಯ ವಾಸನೆಗೆ ಈಗಲೂ ನನ್ನ ಮೈ ಉರಿಯುತ್ತದೆ.

ಕುವೆಂಪುನಗರದ ನಮ್ಮ ಮನೆಯ ಹಿಂದೆ ಖಾಲಿ ಸೈಟಿತ್ತು. ಅಲ್ಲಿನ ಹೊಂಗೆ ಮರದಲ್ಲಿ, ಊರೊಳಗೆ ಅಪರೂಪವಾದ ಉದ್ದ ಬಾಲದ ರಾಜಹಕ್ಕಿ ಗೂಡು ಕಟ್ಟಿದ್ದನ್ನು ಮೊದಲು ಕಂಡವಳು ನಾನು. ಅಪ್ಪನಿಗೆ ಹೇಳಿದೆ. ಅವರು ಬ್ಯಾಂಕಿನ ಕೆಲಸದ ನಡುವೆಯೂ ಹಕ್ಕಿ ನೋಡುವವರ ಪಾಕ್ಷಿಕವೊಂದಕ್ಕೆ ಬರೆಯುತ್ತಿದ್ದರು. ಅಂದೇ ಪತ್ರ ಬರೆದು ನಮ್ಮ ಮನೆ ನಂಬರನ್ನೂ ಸೇರಿಸಿದರು.

"ನಂಬರು ಯಾಕಪ್ಪ?"

"ಜಾಗ, ತಾರೀಖು ಇಲ್ದಿದ್ರೆ ಅವರು ಹಾಕೋದೇ ಇಲ್ಲ ಕಣಮ್ಮ."

ಪತ್ರ ಅಚ್ಚಾದ ವಾರವೇ, ಭಾನುವಾರ ಮಧ್ಯಾಹ್ನ, ಕ್ಯಾಮೆರಾ ಹಿಡಿದ ನಾಲ್ವರು ಬಂದರು. ಅಪ್ಪ ಕಾಫಿ ಕೊಟ್ಟು ತಾವೇ ಗೂಡು ತೋರಿಸಿದರು. ಎಲೆ ಅಡ್ಡ ಬರುತ್ತದೆಂದು ಒಬ್ಬ ಗೂಡಿಗೆ ಮರೆಯಾಗಿದ್ದ ರೆಂಬೆ ಕಡಿದ. ನಾನು ಅವನ ಕೈ ಹಿಡಿದು ಎಳೆದರೆ ಅಪ್ಪ ನನ್ನನ್ನೇ ಗದರಿದರು. ಬಂದವರು ಸ್ಕೂಟರ್ ಹತ್ತುವಷ್ಟರಲ್ಲಿ ಕಾಗೆಗಳು ಬಂದು ಗೂಡಿನಲ್ಲಿದ್ದ ಮೂರು ಮರಿಗಳನ್ನೂ ಕಚ್ಚಿಕೊಂಡು ಹೋದವು. ತಾಯಿಹಕ್ಕಿ ಕತ್ತಲಾಗುವವರೆಗೂ ಅರಚುತ್ತಿತ್ತು.

ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ಅಪ್ಪನ ಮೇಲೆ ಕೂಗಾಡಿದರು. "ಬಾಣಂತಿ ಮನೆ ಅಡ್ರೆಸ್ಸು ಊರಿಗೆಲ್ಲ ಹಂಚ್ಬುಟ್ಟಲ್ಲೋ! ಹೆಸರು ಅಚ್ಚಾಯ್ತಲ್ಲ, ತೃಪ್ತಿಯಾಯ್ತಾ?"



ಮುಂದಿನ ಸಂಚಿಕೆಯಲ್ಲಿ ಬಾಯಿ ತೆರೆದ ಮೂರು ಮರಿಗಳ ಚಿತ್ರ ಬಂತು. ಅಡಿಯಲ್ಲಿ ಅಪ್ಪನಿಗೆ ಕೃತಜ್ಞತೆ ಹೇಳಿದ್ದರು. ಅಪ್ಪ ಆ ಪುಟವನ್ನು ಅಂಚು ಹಾಳಾಗದಂತೆ ಕತ್ತರಿಸಿ ತಮ್ಮ ಫೈಲಿಗೆ ಅಂಟಿಸಿಕೊಂಡರು.