ಒಂದು ದಿನದ ತುಳು

ನಾಲಿಗೆಗೆ ಹನಿ ಹಾಕಿ ಭಾಷೆ ಕಲಿಸುವ ಶುಕ್ರವಾರಗಳಲ್ಲಿ ನಾನು ತುಳು ಸೀಸೆಯ ಮುಚ್ಚಳ ತೆಗೆಯುವುದೇ ಇಲ್ಲ. ನಮ್ಮ ಶಾಲೆಯ ತಂದೆತಾಯಿಗಳು ಅದನ್ನು ಬೇಡವೆನ್ನುತ್ತಾರೆ. ಇಂದು ಮಾತ್ರ ಪ್ರಫುಲ್ಲಕ್ಕ ಮಗಳನ್ನು ಎಳೆದುಕೊಂಡು ಬಂದರು.

“ಟೀಚರ್, ನಾಳೆ ನಮ್ಮ ಮನೆಯಲ್ಲಿ ಭೂತಕೋಲ. ವೇಷ ಕಟ್ಟಿದವರ ಮೈಮೇಲೆ ಬಂದ ದೈವ ಇವಳನ್ನು ಕರೆದು ತುಳುವಿನಲ್ಲಿ ಮಾತಾಡಿಸ್ತದೆ. ಇವಳು ಸುಮ್ಮನೆ ನಿಂತ್ರೆ ಕುಟುಂಬದವರ ಎದುರು ಮರ್ಯಾದೆ ಹೋಗ್ತದೆ. ಒಂದು ದಿನಕ್ಕಾಗುವಷ್ಟು ಹಾಕಿ.”

“ಒಂದು ದಿನದ್ದು ಇಲ್ಲ ಮಾರಾಯ್ರೆ. ಹಾಕಿದ್ರೆ ಜೀವಮಾನ ಇರ್ತದೆ.”

“ಮತ್ತೆ ಇವಳ ಇಂಗ್ಲಿಷ್ ಹಾಳಾಗ್ತದಲ್ಲ.”

“ನಿಮಗೆ ತುಳು ಬರ್ತದಲ್ಲ, ಮನೆಯಲ್ಲೇ ಕಲಿಸಬಹುದಿತ್ತು.”

“ಇವಳ ಹತ್ರ ನಾನು ಇಂಗ್ಲಿಷೇ ಮಾತಾಡುದು.”

ನಾನು ಸೀಸೆಯನ್ನು ಮೇಜಿನ ಮೇಲೆ ಕುಕ್ಕಿದೆ. ಪ್ರಫುಲ್ಲಕ್ಕ ದನಿ ತಗ್ಗಿಸಿ ಕೇಳಿದರು:

“ಹಾಗಾದ್ರೆ ದೈವಕ್ಕೇ ಎರಡು ಹನಿ ಇಂಗ್ಲಿಷ್ ಹಾಕ್ಲಿಕ್ಕೆ ಆಗ್ತದಾ?”